ಸಲ್ಮಾನ್ ರಶ್ದಿ ಮತ್ತು ಮುಗಿಯದ ಬೆದರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ರಶ್ದಿ ಹೆಸರು ಬಂದರೆ ಸಾಕು, ಮಾತು ಫತ್ವಾಗೆ ಹೋಗಿ ನಿಲ್ಲುತ್ತದೆ. ಪುಸ್ತಕ ಓದಿದವರು ಕಡಿಮೆ, ಅಭಿಪ್ರಾಯ ಇಟ್ಟುಕೊಂಡವರು ಜಾಸ್ತಿ. 2022ರಲ್ಲಿ ಅವರ ಮೇಲೆ ಚಾಕುವಿನಿಂದ ದಾಳಿ ಆದ ಮೇಲೆ ಹೊಸ ಓದುಗರೂ ಹಳೇ ಪ್ರಶ್ನೆಗಳನ್ನೇ ಕೇಳುತ್ತಿದ್ದಾರೆ. ಅವುಗಳಿಗೆ ಒಂದೇ ಕಡೆ ಉತ್ತರ ಇರಲಿ ಅಂತ ಈ ಪುಟ. ಈ ಕಥೆಯಲ್ಲಿ ರಶ್ದಿ ಒಬ್ಬರೇ ಇಲ್ಲ. ಅವರ ‘ದಿ ಸೆಟಾನಿಕ್ ವರ್ಸಸ್’ ಕಾದಂಬರಿಯನ್ನು ಅನುವಾದಿಸಿದವರು, ಅಚ್ಚು ಹಾಕಿದವರು, ಅಂಗಡಿಯಲ್ಲಿಟ್ಟು ಮಾರಿದವರು ಎಲ್ಲ ಇದ್ದಾರೆ. ಅವರ ಹೆಸರುಗಳು ಮರೆತುಹೋಗುತ್ತಿವೆ ಅನ್ನೋದೇ ನನಗೆ ಎಲ್ಲಕ್ಕಿಂತ ಬೇಸರದ ವಿಷಯ. ಹಾಗಾಗಿ ಅವರ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆದಿದ್ದೇನೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿ: ಏನಿದು ಪ್ರಕರಣ?

1988ರ ಸೆಪ್ಟೆಂಬರ್ 26ರಂದು ಲಂಡನ್ನಿನಲ್ಲಿ ರಶ್ದಿಯವರ ‘ದಿ ಸೆಟಾನಿಕ್ ವರ್ಸಸ್’ ಕಾದಂಬರಿ ಹೊರಬಂತು. ಪ್ರವಾದಿಗೆ, ಇಸ್ಲಾಮಿಗೆ ಅವಮಾನ ಆಗಿದೆ ಅಂತ ಹಲವು ದೇಶಗಳಲ್ಲಿ ಪ್ರತಿಭಟನೆ ನಡೆಯಿತು. 1989ರ ಫೆಬ್ರವರಿ 14ರಂದು ಇರಾನಿನ ಪರಮೋಚ್ಚ ನಾಯಕ ಆಯತೊಲ್ಲಾ ಖೊಮೇನಿ, ಲೇಖಕನನ್ನೂ ಪುಸ್ತಕದಲ್ಲಿ ಏನಿದೆ ಅಂತ ತಿಳಿದೇ ಪ್ರಕಟಿಸಿದವರನ್ನೂ ಕೊಲ್ಲಬೇಕು ಅಂತ ಫತ್ವಾ ಹೊರಡಿಸಿದರು. ರಶ್ದಿ ಪೊಲೀಸ್ ರಕ್ಷಣೆಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದರು. ಎಲ್ಲ ಮುಗಿಯಿತು ಅಂದುಕೊಂಡಾಗ, ಫತ್ವಾ ಬಂದು 33 ವರ್ಷ ಆದ ಮೇಲೆ, ಅಮೆರಿಕದ ಒಂದು ವೇದಿಕೆಯ ಮೇಲೆ ಅವರನ್ನು ಇರಿಯಲಾಯಿತು. ಬದುಕುಳಿದರು. ಬಲಗಣ್ಣು ಹೋಯಿತು.

ಅದಕ್ಕೆ ಮೊದಲು ಅವರು ಹೆಸರುವಾಸಿ ಆಗಿದ್ದರಾ, ವಿವಾದದಿಂದಲೇ ಹೆಸರು ಬಂತಾ?

ಏಳೆಂಟು ವರ್ಷ ಮೊದಲೇ ಹೆಸರಾಗಿದ್ದರು. ಹುಟ್ಟಿದ್ದು 1947ರ ಜೂನ್ 19ರಂದು ಮುಂಬೈಯಲ್ಲಿ, ಅಂದರೆ ಸ್ವಾತಂತ್ರ್ಯಕ್ಕೆ ಎರಡು ತಿಂಗಳು ಮೊದಲು. ಓದಿದ್ದು ಅಲ್ಲಿನ ಕೆಥೆಡ್ರಲ್ ಶಾಲೆ, ಆಮೇಲೆ ಇಂಗ್ಲೆಂಡಿನ ರಗ್ಬಿ, ಕೇಂಬ್ರಿಜ್. ಜಾಹೀರಾತು ಕಂಪನಿಯಲ್ಲಿ ಕಾಪಿ ಬರೆಯುತ್ತಾ ಹೊಟ್ಟೆ ಹೊರೆದುಕೊಂಡರು. 1981ರಲ್ಲಿ ‘ಮಿಡ್‌ನೈಟ್ಸ್ ಚಿಲ್ಡ್ರನ್’ಗೆ ಬೂಕರ್ ಪ್ರಶಸ್ತಿ ಬಂತು. ಇಂಗ್ಲಿಷಿನಲ್ಲಿ ಬರೆಯುವ ಭಾರತದ ಲೇಖಕರ ದಾರಿಯೇ ಆ ಪುಸ್ತಕದಿಂದ ಬದಲಾಯಿತು. ವಿವಾದ ಮಾಡಿ ಪ್ರಚಾರ ತಗೊಂಡರು ಅನ್ನೋರು ಈ ತಾರೀಕುಗಳನ್ನು ಒಮ್ಮೆ ನೋಡಬೇಕು.

ಆ ಕಾದಂಬರಿಯಲ್ಲಿ ಅಂಥದ್ದೇನಿದೆ?

ಕಥೆ ಶುರುವಾಗುವುದು ಆಕಾಶದಲ್ಲಿ. ಬೋಸ್ತಾನ್ ಅನ್ನುವ ಏರ್ ಇಂಡಿಯಾ ವಿಮಾನ, ನಂಬರ್ 420, ಇಂಗ್ಲಿಷ್ ಕಾಲುವೆಯ ಮೇಲೆ ಸಿಡಿದುಹೋಗುತ್ತದೆ. ಇಬ್ಬರು ನಟರು ಕೆಳಕ್ಕೆ ಬೀಳುತ್ತಾ ಬದುಕುತ್ತಾರೆ. ಒಬ್ಬ ಹಿಂದಿ ಸಿನಿಮಾದಲ್ಲಿ ದೇವರ ಪಾತ್ರ ಮಾಡುತ್ತಿದ್ದ ಜಿಬ್ರೀಲ್ ಫರಿಶ್ತಾ. ಇನ್ನೊಬ್ಬ ಇಂಗ್ಲಿಷರಿಗಿಂತ ಇಂಗ್ಲಿಷನಾಗಲು ಹೊರಟ ಸಲಾದಿನ್ ಚಮ್ಚಾ. ಲಂಡನ್ನಿಗೆ ವಲಸೆ ಹೋದವರ ಪಾಡು, ಅಲ್ಲಿನ ಪೊಲೀಸರ ದಬ್ಬಾಳಿಕೆ, ಅಪ್ಪ ಮಗನ ಮುನಿಸು ಇವೇ ಪುಸ್ತಕದ ಹೆಚ್ಚಿನ ಭಾಗ. ಕೊನೆಯಲ್ಲಿ ಚಮ್ಚಾ ಸಾಯುತ್ತಿರುವ ಅಪ್ಪನ ಹಾಸಿಗೆ ಪಕ್ಕ ಕೂರುವ ಅಧ್ಯಾಯ ಇದೆ. ರಶ್ದಿ ಬರೆದ ಅತ್ಯುತ್ತಮ ಪುಟಗಳಲ್ಲಿ ಅವೂ ಸೇರುತ್ತವೆ ಅಂತ ನನ್ನ ಎಣಿಕೆ. ಅದರ ಬಗ್ಗೆ ಯಾರೂ ಮಾತೇ ಆಡುವುದಿಲ್ಲ.

ಗಲಾಟೆ ಎದ್ದಿದ್ದು ಜಿಬ್ರೀಲನ ಕನಸುಗಳಿಂದ. ತಲೆ ಕೆಡುತ್ತಿರುವ ಆ ನಟ ಕನಸಿನಲ್ಲಿ ಮರಳುಗಾಡಿನ ಒಂದು ಪಟ್ಟಣ ಕಾಣುತ್ತಾನೆ. ಅಲ್ಲಿ ಹೊಸ ಧರ್ಮ ಸಾರುವ ಒಬ್ಬ ಪ್ರವಾದಿ ಇದ್ದಾನೆ. ಆ ಪಾತ್ರಕ್ಕೆ ಇಟ್ಟಿರುವ ಹೆಸರು ಹಿಂದಿನ ಕಾಲದ ಯುರೋಪಿನವರು ಪ್ರವಾದಿಯನ್ನು ಹೀಯಾಳಿಸಲು ಬಳಸುತ್ತಿದ್ದದ್ದು. ಇನ್ನೊಂದು ಕಡೆ ವೇಶ್ಯಾಗೃಹದ ಹೆಂಗಸರು ಪ್ರವಾದಿಯ ಹೆಂಡತಿಯರ ಹೆಸರು ಇಟ್ಟುಕೊಳ್ಳುತ್ತಾರೆ. ಹೆಚ್ಚು ಆಕ್ಷೇಪ ಬಂದಿದ್ದು ಈ ಎರಡಕ್ಕೆ. ದೇಶಭ್ರಷ್ಟನಾಗಿ ಲಂಡನ್ನಿನಲ್ಲಿ ಕೂತು ಕ್ರಾಂತಿಗೆ ಕಾಯುವ ಇಮಾಮನೊಬ್ಬನ ಕನಸೂ ಪುಸ್ತಕದಲ್ಲಿದೆ. ಓದಿದವರಿಗೆ ಅದು ಖೊಮೇನಿಯ ನೆರಳು ಅಂತ ಬೇರೆ ಹೇಳಬೇಕಾಗಿಲ್ಲ.

ನಂಬಿಕೆ ಇರುವವರಿಗೆ ನೋವಾಗಿದ್ದು ನಿಜ ತಾನೇ? ಅದಕ್ಕೆ ಬೆಲೆ ಇಲ್ವಾ?

ನೋವು ನಿಜ. ಸುಮ್ನೆ ನಾಟಕ ಅಂತ ಅದನ್ನು ತಳ್ಳಿಹಾಕಬಾರದು. ಬ್ರಿಟನ್ನಿನ ಬ್ರಾಡ್‌ಫರ್ಡಿನಲ್ಲಿ 1989ರ ಜನವರಿ 14ರಂದು ಪುಸ್ತಕ ಸುಟ್ಟ ಜನರಲ್ಲಿ ತುಂಬ ಮಂದಿ ಗಿರಣಿ ಕೆಲಸಕ್ಕೆ ಅಂತ ಬಂದ ಕುಟುಂಬದವರು. ದಿನನಿತ್ಯ ಜನಾಂಗೀಯ ಅವಮಾನ ನುಂಗಿ ಬದುಕಿದವರು. ತಮ್ಮವನೇ ಒಬ್ಬ ತಮ್ಮನ್ನು ಬಿಟ್ಟುಕೊಟ್ಟ ಅಂತ ಅವರಿಗೆ ಅನ್ನಿಸಿತು. ಪುಸ್ತಕ ಬೇಡ ಅನ್ನುವ ಹಕ್ಕು, ಟೀಕಿಸುವ ಹಕ್ಕು, ಬೀದಿಗೆ ಬಂದು ಕೂಗುವ ಹಕ್ಕು ಎಲ್ಲ ಅವರಿಗೆ ಇತ್ತು. ಆದರೆ ಬರೆದವನನ್ನು ಕೊಲ್ಲಿ ಅಂದ ಕ್ಷಣ ಮಾತು ಬೇರೆ ಆಯಿತು. ಅಲ್ಲಿಂದ ಮುಂದೆ ಪುಸ್ತಕ ಒಳ್ಳೆಯದಾ ಕೆಟ್ಟದ್ದಾ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಈ ವಿಷಯದಲ್ಲಿ ನಡುವಿನ ಜಾಗ ಇದೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಆಗ ಎಷ್ಟೋ ದೊಡ್ಡ ಲೇಖಕರು ನಡುವೆ ನಿಂತರು. ರೋಲ್ಡ್ ಡಾಲ್, ಜಾನ್ ಲ ಕಾರೆ ಅಂಥವರು ರಶ್ದಿಯನ್ನೇ ದೂರಿದರು. ಲ ಕಾರೆ ಮತ್ತು ರಶ್ದಿ ಎಷ್ಟೋ ವರ್ಷ ಆದ ಮೇಲೆ ರಾಜಿಯಾದರು.

ಭಾರತವೇ ಎಲ್ಲರಿಗಿಂತ ಮೊದಲು ನಿಷೇಧಿಸಿದ್ದು ಅನ್ನೋದು ಹೌದಾ?

ಹೌದು. 1988ರ ಅಕ್ಟೋಬರ್ 5ರಂದು, ಪುಸ್ತಕ ಬಂದು ಹತ್ತು ದಿನ ಆಗುವುದರೊಳಗೆ, ರಾಜೀವ್ ಗಾಂಧಿ ಸರ್ಕಾರ ಆಮದು ನಿಲ್ಲಿಸಿತು. ಸಂಸದ ಸೈಯದ್ ಶಹಾಬುದ್ದೀನ್ ಮುಂತಾದವರು ಒತ್ತಾಯಿಸಿದ್ದರು. ಬಳಸಿದ್ದು ಕಸ್ಟಮ್ಸ್ ಕಾಯ್ದೆ. ಅಂದರೆ ಕಾದಂಬರಿಯನ್ನು ಕಳ್ಳಸಾಗಣೆ ಮಾಲಿನ ಸಾಲಿಗೆ ಸೇರಿಸಿದರು. ಹಣಕಾಸು ಸಚಿವಾಲಯ ಆದೇಶದ ಜೊತೆಗೆ, ಇದರಿಂದ ಕೃತಿಯ ಸಾಹಿತ್ಯಕ ಮೌಲ್ಯಕ್ಕೇನೂ ಕುಂದಿಲ್ಲ ಅಂತಲೂ ಹೇಳಿತು. ರಶ್ದಿ ಪ್ರಧಾನಿಗೆ ಬರೆದ ಬಹಿರಂಗ ಪತ್ರದಲ್ಲಿ ಆ ವಿಮರ್ಶೆಗೆ ಥ್ಯಾಂಕ್ಸ್ ಹೇಳಿದರು.

ಆ ಹೊತ್ತಿಗೆ ಪುಸ್ತಕ ಇಲ್ಲಿನ ಅಂಗಡಿಗಳಿಗೆ ಬಂದೇ ಇರಲಿಲ್ಲ. ಕಾದಂಬರಿಯ ಪ್ರಕಾಶಕರಾದ ಪೆಂಗ್ವಿನ್ ಸಂಸ್ಥೆಯ ಇಲ್ಲಿನ ಶಾಖೆ ಪೆಂಗ್ವಿನ್ ಇಂಡಿಯಾಕ್ಕೆ ಸಲಹೆಗಾರರಾಗಿದ್ದ ಖುಷ್ವಂತ್ ಸಿಂಗ್ ಇಲ್ಲಿ ಪ್ರಕಟಿಸುವುದು ಬೇಡ ಅಂದಿದ್ದರು. ಓದದೇ ನಿಷೇಧಿಸುವ ಚಾಳಿ ಇಲ್ಲಿಂದ ಶುರುವಾಯಿತು ಅಂತ ಹೇಳಲಾರೆ, ಆದರೆ ಇಲ್ಲಿಂದ ಅದಕ್ಕೆ ಧೈರ್ಯ ಬಂತು. ನಿಷೇಧದಿಂದ ಶಾಂತಿ ಉಳಿಯಿತಾ ಅಂದರೆ ಅದೂ ಇಲ್ಲ. 1989ರ ಫೆಬ್ರವರಿ 24ರಂದು ಮುಂಬೈಯ ಮೆರವಣಿಗೆಯಲ್ಲಿ ಗೋಲಿಬಾರ್ ಆಗಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಅದಕ್ಕೆ ಹನ್ನೆರಡು ದಿನ ಮೊದಲು ಇಸ್ಲಾಮಾಬಾದಿನಲ್ಲೂ ಪೊಲೀಸರ ಗುಂಡಿಗೆ ಜನ ಬಲಿಯಾಗಿದ್ದರು.

ಫತ್ವಾ ಬಂದ ದಿನ ಅವರು ಎಲ್ಲಿದ್ದರು?

ಲಂಡನ್ನಿನ ತಮ್ಮ ಮನೆಯಲ್ಲಿ. ಬಿಬಿಸಿಯ ಪತ್ರಕರ್ತೆಯೊಬ್ಬರು ಫೋನ್ ಮಾಡಿ, ಖೊಮೇನಿ ನಿಮಗೆ ಮರಣದಂಡನೆ ವಿಧಿಸಿದ್ದಾರೆ, ಹೇಗನ್ನಿಸುತ್ತಿದೆ ಅಂತ ಕೇಳಿದರು. ಸುದ್ದಿ ತಿಳಿದದ್ದೇ ಹಾಗೆ. ಫೋನ್ ಇಟ್ಟು ಮೊದಲು ಮಾಡಿದ ಕೆಲಸ ಅಂದರೆ ಕಿಟಕಿ ಮುಚ್ಚಿ, ಮುಂಬಾಗಿಲಿಗೆ ಚಿಲಕ ಹಾಕಿದ್ದು. ಒಂದು ದೇಶದ ಅಧಿಪತಿ ಕೊಲ್ಲಿ ಅಂದಾಗ ಕೈ ಚಿಲಕಕ್ಕೆ ಹೋಗುತ್ತದೆ. ಮನುಷ್ಯ ಇನ್ನೇನು ಮಾಡಲು ಸಾಧ್ಯ?

ಅದೇ ದಿನ ಗೆಳೆಯ ಬ್ರೂಸ್ ಚಾಟ್ವಿನ್ ಅವರ ಸ್ಮರಣೆಯ ಪ್ರಾರ್ಥನೆ ಇತ್ತು. ಹೋದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಲೇಖಕ ಪಾಲ್ ಥೆರೂ, ಮುಂದಿನ ವಾರ ನಿನಗಾಗಿ ಇಲ್ಲಿ ಸೇರಬೇಕಾಗುತ್ತೇನೋ ಅಂತ ತಮಾಷೆ ಮಾಡಿದರು. ಅಲ್ಲಿಂದ ಹೊರಬಂದ ರಶ್ದಿ ಒಂಬತ್ತು ವರ್ಷದ ಮಗ ಜಫರ್‌ನನ್ನು ನೋಡಿ ಬಂದರು. ಹಳೇ ಮನೆಯ ಬದುಕಿಗೆ ಮತ್ತೆ ಮರಳಲಾಗಲಿಲ್ಲ.

ಅಜ್ಞಾತವಾಸ ಅಂದರೆ ನಿಜಕ್ಕೂ ಹೇಗಿತ್ತು?

ಸಿನಿಮಾದಲ್ಲಿ ತೋರಿಸುವ ಹಾಗೆ ನೆಲಮಾಳಿಗೆ, ಗುಪ್ತದ್ವಾರ ಏನೂ ಇರಲಿಲ್ಲ. ಬಾಡಿಗೆ ಮನೆ, ಗೆಳೆಯರ ತೋಟದ ಮನೆ, ಸಣ್ಣ ಹೋಟೆಲು. ಜೊತೆಗೆ ಸ್ಕಾಟ್ಲೆಂಡ್ ಯಾರ್ಡಿನ ವಿಶೇಷ ವಿಭಾಗದ ಅಧಿಕಾರಿಗಳು. ರಕ್ಷಣೆಗೆ ಇಬ್ಬರು, ಕಾರು ಓಡಿಸಲು ಇಬ್ಬರು, ಎಲ್ಲರೂ ಅದೇ ಸೂರಿನ ಕೆಳಗೆ. ಮಲಗಿದರೂ ಎದ್ದರೂ ನಾಲ್ಕು ಜನ ಬಂದೂಕುಧಾರಿಗಳು ಮನೆಯಲ್ಲಿ. ಬಾಗಿಲು ತೆಗೆಯುವಂತಿಲ್ಲ, ಅಂಗಡಿಗೆ ಹೋಗುವಂತಿಲ್ಲ.

ಹೆಸರನ್ನೂ ಬಿಡಬೇಕಾಯಿತು. ಚೆಕ್ಕು ಬರೆಯಲು, ಮನೆ ಬಾಡಿಗೆ ಹಿಡಿಯಲು ಬೇರೆ ಹೆಸರು ಬೇಕು, ಭಾರತದ ಹೆಸರು ಬೇಡ ಅಂದರು ಪೊಲೀಸರು. ಇಷ್ಟದ ಲೇಖಕರಾದ ಜೋಸೆಫ್ ಕಾನ್ರಾಡ್ ಮತ್ತು ಆಂಟನ್ ಚೆಕಾವ್ ಇಬ್ಬರ ಮೊದಲ ಹೆಸರು ಜೋಡಿಸಿ ‘ಜೋಸೆಫ್ ಆಂಟನ್’ ಆದರು. ಅಧಿಕಾರಿಗಳ ಬಾಯಲ್ಲಿ ಅದು ‘ಜೋ’ ಆಯಿತು. ತಮ್ಮ ಮನೆಯಲ್ಲೇ ಯಾರೂ ತಮ್ಮ ಹೆಸರು ಹಿಡಿದು ಕರೆಯದ ಆ ವರ್ಷಗಳ ಬಗ್ಗೆ ಅವರು 2012ರಲ್ಲಿ ಆತ್ಮಕಥೆ ಬರೆದರು. ಪುಸ್ತಕದ ಹೆಸರೂ ಅದೇ, ‘ಜೋಸೆಫ್ ಆಂಟನ್’. ತಮ್ಮ ಬಗ್ಗೆ ‘ನಾನು’ ಅನ್ನದೆ ‘ಅವನು’ ಅಂತಲೇ ಬರೆದಿದ್ದಾರೆ.

ಅದರಲ್ಲಿ ಎರಡು ಸಂಗತಿ ಓದಿದವರ ಮನಸ್ಸಿನಲ್ಲಿ ಉಳಿಯುತ್ತವೆ. ವೇಲ್ಸ್‌ನ ಹಳ್ಳಿಮನೆಯಲ್ಲಿದ್ದಾಗ ಕುರಿ ಸಾಕುವ ರೈತನೊಬ್ಬ ಬಂದ. ಅವನ ಕಣ್ಣಿಗೆ ಬೀಳಬಾರದು ಅಂತ ಬೂಕರ್ ಗೆದ್ದ ಲೇಖಕ ಅಡುಗೆಮನೆ ಕಟ್ಟೆಯ ಹಿಂದೆ ಕುಕ್ಕರಗಾಲಲ್ಲಿ ಕೂತರು. ಆ ನಾಚಿಕೆಯನ್ನು ಅವರು ಮರೆಯಲಿಲ್ಲ. ಹೀಗೆ ಬಚ್ಚಿಟ್ಟುಕೊಂಡು ಬದುಕುವುದು ಬದುಕೇ ಅಲ್ಲ ಅನ್ನುವ ಹಟ ಅವರಲ್ಲಿ ಬಲವಾಯಿತು. ಇನ್ನೊಂದು ಸಲ ಪೊಲೀಸರು ವಿಗ್ ಮಾಡಿಸಿ ತಂದರು. ಅದನ್ನು ಹಾಕಿಕೊಂಡು ಲಂಡನ್ನಿನ ರಸ್ತೆಗೆ ಇಳಿದರೆ ಜನ ತಕ್ಷಣ ಗುರುತು ಹಿಡಿದು, ರಶ್ದಿ ವಿಗ್ ಹಾಕ್ಕೊಂಡು ಹೋಗ್ತಿದಾನೆ ಅಂದರು. ವಿಗ್ ಡಬ್ಬಿಗೆ ವಾಪಸ್ ಹೋಯಿತು.

ಸರ್ಕಾರದ ದುಡ್ಡಿನಲ್ಲಿ ಆರಾಮಾಗಿ ಇದ್ದರು ಅಂತಾರಲ್ಲ?

ಬ್ರಿಟನ್ನಿನ ಪತ್ರಿಕೆಗಳು ಆಗ ಇದನ್ನೇ ಬರೆದು ಬರೆದು ಜನರ ತಲೆಗೆ ತುಂಬಿದವು. ಪೊಲೀಸರ ಸಂಬಳ, ವಾಹನ ಸರ್ಕಾರದ್ದು, ಅದು ಸರಿ. ಆದರೆ ಇರುವ ಮನೆಯನ್ನು ಅವರೇ ಹುಡುಕಬೇಕಿತ್ತು, ಬಾಡಿಗೆಯನ್ನೂ ಅವರೇ ಕೊಡಬೇಕಿತ್ತು. ಅದೂ ನಾಲ್ಕು ಜನ ಅಧಿಕಾರಿಗಳಿಗೆ ಕೋಣೆ ಇರುವಂಥ ಮನೆ. ಗುಟ್ಟು ಬಯಲಾದರೆ ರಾತ್ರೋರಾತ್ರಿ ಖಾಲಿ ಮಾಡಬೇಕು. ಬ್ರಿಟಿಷ್ ಏರ್‌ವೇಸ್ ವರ್ಷಗಟ್ಟಲೆ ಅವರನ್ನು ವಿಮಾನ ಹತ್ತಿಸಲಿಲ್ಲ. ಇದನ್ನು ಆರಾಮ ಅನ್ನುವವರು ಒಂದು ತಿಂಗಳು ಹೀಗಿದ್ದು ನೋಡಲಿ.

ಮನೆಯವರ ಗತಿ?

ಆಗಿನ ಹೆಂಡತಿ, ಅಮೆರಿಕದ ಕಾದಂಬರಿಕಾರ್ತಿ ಮೇರಿಯಾನ್ ವಿಗ್ಗಿನ್ಸ್ ಮೊದಲು ಜೊತೆಗೆ ಹೋದರು. ಕೆಲವೇ ತಿಂಗಳಲ್ಲಿ ಆ ಮದುವೆ ಮುರಿಯಿತು. ಮಗ ಜಫರ್ ಮೊದಲ ಹೆಂಡತಿ ಕ್ಲಾರಿಸಾ ಜೊತೆ ಲಂಡನ್ನಿನಲ್ಲಿದ್ದ. ದಿನಾ ಸಂಜೆ ಏಳು ಗಂಟೆಗೆ ಅಪ್ಪ ಫೋನ್ ಮಾಡಬೇಕು, ಮಗ ಎತ್ತಬೇಕು ಅಂತ ಒಪ್ಪಂದ.

ಒಂದು ಸಂಜೆ ಯಾರೂ ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದರೂ ಇಲ್ಲ. ಪೊಲೀಸರು ಆ ಬೀದಿಗೆ ಹೋಗಿ ನೋಡಿ, ಮುಂಬಾಗಿಲು ತೆರೆದಿದೆ, ದೀಪಗಳೆಲ್ಲ ಉರಿಯುತ್ತಿವೆ ಅಂತ ತಿಳಿಸಿದರು. ಆ ಹೊತ್ತು ಅಪ್ಪನ ಎದೆಯಲ್ಲಿ ಏನು ನಡೆದಿರಬಹುದು ನೀವೇ ಯೋಚಿಸಿ. ಆಮೇಲೆ ತಿಳಿದದ್ದು, ಪೊಲೀಸರು ನೋಡಿದ್ದು ಬೇರೆ ಮನೆ. ತಾಯಿ ಮಗ ಶಾಲೆಯ ಕಾರ್ಯಕ್ರಮ ಮುಗಿಸಿ ತಡವಾಗಿ ಬಂದಿದ್ದರು, ಅಷ್ಟೇ. ಈ ಪ್ರಕರಣದ ಬಗ್ಗೆ ರಾಜತಾಂತ್ರಿಕ ಪುಸ್ತಕಗಳು ಬೇಕಾದಷ್ಟಿವೆ. ನನಗೆ ಬೆದರಿಕೆ ಅಂದರೆ ಏನು ಅಂತ ಅರ್ಥವಾಗಿದ್ದು ಈ ಒಂದು ಫೋನ್ ಕರೆಯಿಂದ.

ಆ ಮಗನಿಗೆ ಕೊಟ್ಟ ಮಾತಿನಂತೆ ಬರೆದದ್ದು ‘ಹರೂನ್ ಆ್ಯಂಡ್ ದ ಸೀ ಆಫ್ ಸ್ಟೋರೀಸ್’. 1990ರಲ್ಲಿ ಬಂತು. ಕಥೆ ಹೇಳುವ ಶಕ್ತಿ ಕಳೆದುಕೊಂಡ ಅಪ್ಪನಿಗೆ ಮಗ ಅದನ್ನು ವಾಪಸ್ ತಂದುಕೊಡುವ ಕಥೆ.

ಅವರು ಕ್ಷಮೆ ಕೇಳಿದ್ದರಂತೆ, ನಿಜವಾ?

ಎರಡು ಸಲ ಬಗ್ಗಿದರು. ಫತ್ವಾ ಬಂದ ನಾಲ್ಕೇ ದಿನಕ್ಕೆ, ಜನರಿಗೆ ನೋವಾಗಿದ್ದಕ್ಕೆ ವಿಷಾದಿಸುತ್ತೇನೆ ಅಂತ ಹೇಳಿಕೆ ಕೊಟ್ಟರು. ಮರುದಿನವೇ ಖೊಮೇನಿ, ಅವನು ಪಶ್ಚಾತ್ತಾಪಪಟ್ಟು ಜಗತ್ತಿನ ಅತಿ ದೊಡ್ಡ ಭಕ್ತನಾದರೂ ಶಿಕ್ಷೆ ತಪ್ಪದು ಎಂಬರ್ಥದ ಉತ್ತರ ಕಳಿಸಿದರು. 1990ರ ಡಿಸೆಂಬರ್ 24ರಂದು ಕೆಲವು ಧಾರ್ಮಿಕ ಮುಖಂಡರ ಮುಂದೆ ಕೂತು, ನಾನು ಮುಸ್ಲಿಂ, ಕಾದಂಬರಿಯ ಅಗ್ಗದ ಆವೃತ್ತಿಯಾದ ಪೇಪರ್‌ಬ್ಯಾಕ್ ತರುವುದಿಲ್ಲ ಅಂತ ಸಹಿ ಹಾಕಿದರು. ಅದರಿಂದಲೂ ಏನೂ ಬದಲಾಗಲಿಲ್ಲ. ಬದುಕಿನಲ್ಲಿ ಮಾಡಿದ ಅತಿ ದೊಡ್ಡ ತಪ್ಪು ಅದು ಅಂತ ಅವರೇ ಮುಂದೆ ಹೇಳಿದರು. ಒಂದು ವರ್ಷದ ನಂತರ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಾತಾಡಿ ಪೇಪರ್‌ಬ್ಯಾಕ್ ಬರಲೇಬೇಕು ಅಂದರು. 1992ರಲ್ಲಿ ಬಂತು. ಎರಡು ವರ್ಷ ಉಸಿರುಗಟ್ಟಿ ಬದುಕಿದ ಮನುಷ್ಯ ಒಂದು ಕಾಗದಕ್ಕೆ ಸಹಿ ಹಾಕಿದ್ದನ್ನು ದೊಡ್ಡ ಅಪರಾಧ ಅಂತ ನಾನು ನೋಡಲಾರೆ.

ಬೆದರಿಕೆ ಇದ್ದದ್ದು ರಶ್ದಿಗೆ ಮಾತ್ರನಾ? ಬೇರೆ ಯಾರಿಗಾದರೂ ತೊಂದರೆ ಆಯಿತಾ?

ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು. ರಶ್ದಿ ಸುತ್ತ ಪೊಲೀಸರಿದ್ದರು. ಉಳಿದವರ ಸುತ್ತ ಅಂಥ ಕಾವಲು ಇರಲಿಲ್ಲ.

ಹಿತೋಷಿ ಇಗರಾಶಿ ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದ ಅಧ್ಯಾಪಕ. ಇಸ್ಲಾಂ ಸಂಸ್ಕೃತಿಯನ್ನು ಪ್ರೀತಿಯಿಂದ ಓದಿದವರು. ಇರಾನಿನಲ್ಲಿದ್ದು ಅಧ್ಯಯನ ಮಾಡಿದವರು. ಮಧ್ಯಯುಗದ ಪರ್ಷಿಯನ್ ವೈದ್ಯ ಇಬ್ನ್ ಸೀನಾನ ವೈದ್ಯಗ್ರಂಥವನ್ನು ಜಪಾನಿ ಭಾಷೆಗೆ ತಂದವರು. ‘ಸೆಟಾನಿಕ್ ವರ್ಸಸ್’ ಅನ್ನೂ ಅನುವಾದಿಸಿದರು. 1991ರ ಜುಲೈಯಲ್ಲಿ ಅವರನ್ನು ವಿಶ್ವವಿದ್ಯಾಲಯದ ಕಟ್ಟಡದಲ್ಲೇ ಚಾಕುವಿನಿಂದ ಇರಿದು ಕೊಂದರು. ಜುಲೈ 12ರ ಬೆಳಿಗ್ಗೆ ಲಿಫ್ಟ್ ಹತ್ತಿರ ಶವ ಸಿಕ್ಕಿತು. ವಯಸ್ಸು 44. ಕೊಂದವರು ಯಾರು ಅಂತ ಇವತ್ತಿಗೂ ಪತ್ತೆ ಇಲ್ಲ. ಮೊಕದ್ದಮೆ ಹೂಡಲು ಜಪಾನಿನ ಆಗಿನ ಕಾನೂನಿನಲ್ಲಿದ್ದ 15 ವರ್ಷದ ಗಡುವು 2006ರಲ್ಲಿ ಮುಗಿದೂ ಹೋಯಿತು. ಇಸ್ಲಾಂ ಬಗ್ಗೆ ತನ್ನ ದೇಶದ ಜನಕ್ಕೆ ಇಷ್ಟು ತಿಳಿಸಿಕೊಟ್ಟ ಮನುಷ್ಯನನ್ನು ಇಸ್ಲಾಮಿನ ಹೆಸರಲ್ಲೇ ಕೊಂದಿರಬೇಕಲ್ಲ ಅನ್ನುವ ಸಂಕಟ ನನಗೆ ಹೋಗುವುದೇ ಇಲ್ಲ.

ಅದೇ ಜುಲೈ 3ರಂದು ಇಟಲಿಯ ಮಿಲಾನಿನಲ್ಲಿ ಅನುವಾದಕ ಎತ್ತೋರೆ ಕಾಪ್ರಿಯೋಲೊ ಮನೆಗೆ ಒಬ್ಬ ಬಂದ. ಏನೋ ಅನುವಾದದ ಕೆಲಸ ಇದೆ ಅಂದ. ರಶ್ದಿ ವಿಳಾಸ ಕೊಡು ಅಂತ ಹೊಡೆದು ಇರಿದ. ಕಾಪ್ರಿಯೋಲೊ ಬದುಕಿದರು.

ನಾರ್ವೆಯ ಪ್ರಕಾಶಕ ವಿಲಿಯಂ ನೈಗಾರ್ಡ್ ಅವರಿಗೆ 1993ರ ಅಕ್ಟೋಬರ್ 11ರಂದು ಓಸ್ಲೋದ ಮನೆ ಮುಂದೆ ಮೂರು ಗುಂಡು ಬಿದ್ದವು. ತಿಂಗಳುಗಟ್ಟಲೆ ಚಿಕಿತ್ಸೆ. ಆದರೂ ಪುಸ್ತಕದ ಮರುಮುದ್ರಣ ನಿಲ್ಲಿಸಲಿಲ್ಲ. ಆ ಪ್ರಕರಣದಲ್ಲಿ ಆರೋಪ ಹೊರಿಸಲು ಪೊಲೀಸರಿಗೆ 25 ವರ್ಷ ಬೇಕಾಯಿತು.

ತುರ್ಕಿಯ ಸಿವಾಸ್‌ನಲ್ಲಿ ನಡೆದದ್ದು ಇನ್ನೂ ಘೋರ. ಹಿರಿಯ ಲೇಖಕ ಅಜೀಜ್ ನೆಸಿನ್ ಕಾದಂಬರಿಯ ಭಾಗಗಳನ್ನು ಪತ್ರಿಕೆಯಲ್ಲಿ ಪ್ರಕಟಿಸುತ್ತಿದ್ದರು. 1993ರ ಜುಲೈ 2ರಂದು ಅವರು ಒಂದು ಸಾಂಸ್ಕೃತಿಕ ಹಬ್ಬಕ್ಕೆ ಅಲ್ಲಿಗೆ ಹೋಗಿದ್ದರು. ಶುಕ್ರವಾರದ ಪ್ರಾರ್ಥನೆ ಮುಗಿಸಿ ಬಂದ ಗುಂಪು ಮದಿಮಾಕ್ ಹೋಟೆಲಿಗೆ ಬೆಂಕಿ ಹಚ್ಚಿತು. ಹಬ್ಬಕ್ಕೆ ಬಂದಿದ್ದ 33 ಜನ ಮತ್ತು ಹೋಟೆಲಿನ ಇಬ್ಬರು ಕೆಲಸಗಾರರು ಸತ್ತರು. ಕವಿಗಳು, ಹಾಡುಗಾರರು, ಕುಣಿಯಲು ಬಂದ ಹುಡುಗ ಹುಡುಗಿಯರು. ಹೆಚ್ಚಿನವರು ತುರ್ಕಿಯ ಅಲ್ಪಸಂಖ್ಯಾತ ಮುಸ್ಲಿಂ ಪಂಗಡವಾದ ಅಲೆವಿಯವರು. ನೆಸಿನ್ ಏಣಿ ಇಳಿದು ಪಾರಾದರು.

ಲಂಡನ್ನಿನಲ್ಲಿ, ಅಮೆರಿಕದ ಬರ್ಕ್ಲಿಯಲ್ಲಿ ಪುಸ್ತಕದಂಗಡಿಗಳಿಗೆ ಬಾಂಬು ಬಿತ್ತು. ಪೆಂಗ್ವಿನ್ ಮುಖ್ಯಸ್ಥ ಪೀಟರ್ ಮೇಯರ್ ಅವರಿಗೂ ಕೊಲೆ ಬೆದರಿಕೆ ಬಂತು. ಅವರು ಪುಸ್ತಕ ವಾಪಸ್ ತಗೊಳ್ಳಲಿಲ್ಲ. ಸಂಬಳಕ್ಕೆ ದುಡಿಯುವ ಅಂಗಡಿ ಹುಡುಗರು ಆ ಪುಸ್ತಕವನ್ನು ಕೈಯಲ್ಲಿ ಹಿಡಿದು ಗಿರಾಕಿಗೆ ಕೊಟ್ಟರಲ್ಲ, ಅವರ ಧೈರ್ಯಕ್ಕೆ ಯಾವ ಪ್ರಶಸ್ತಿಯೂ ಬರಲಿಲ್ಲ.

ಮುಸ್ಲಿಂ ಲೇಖಕರೆಲ್ಲ ಅವರ ವಿರುದ್ಧ ಇದ್ದರಾ?

ಖಂಡಿತ ಇಲ್ಲ. 1993ರಲ್ಲಿ ಅರಬ್ ಮತ್ತು ಮುಸ್ಲಿಂ ಜಗತ್ತಿನ ನೂರು ಲೇಖಕರು, ಚಿಂತಕರು ರಶ್ದಿ ಪರವಾಗಿ ಬರೆದ ಸಂಕಲನವೇ ಫ್ರಾನ್ಸಿನಲ್ಲಿ ಬಂತು. ಬ್ರಸೆಲ್ಸ್‌ನ ಮಸೀದಿಯೊಂದರ ಇಮಾಮ್ ಸಂಯಮದ ಮಾತಾಡಿದ್ದಕ್ಕೆ 1989ರ ಮಾರ್ಚಿನಲ್ಲಿ ಗುಂಡಿಗೆ ಬಲಿಯಾದರು. ಈಜಿಪ್ಟಿನ ನೊಬೆಲ್ ಲೇಖಕ ನಗೀಬ್ ಮಹ್ಫೂಜ್ ಫತ್ವಾವನ್ನು ಖಂಡಿಸಿದರು. ಅವರ ಒಂದು ಹಳೇ ಕಾದಂಬರಿಯ ಮೇಲೂ ಮತಾಂಧರಿಗೆ ಸಿಟ್ಟಿತ್ತು. 1994ರ ಅಕ್ಟೋಬರಿನಲ್ಲಿ ಕೈರೋದಲ್ಲಿ ಅವರ ಮನೆ ಹತ್ತಿರವೇ ಒಬ್ಬ ಕುತ್ತಿಗೆಗೆ ಇರಿದ. ಆಗ ಅವರಿಗೆ 82. ಬದುಕಿದರು, ಬರೆಯುವ ಕೈಯ ನರಕ್ಕೆ ಪೆಟ್ಟಾಯಿತು.

ಫತ್ವಾ ವಾಪಸ್ ತಗೊಂಡರಾ?

ಇಲ್ಲ. ಖೊಮೇನಿ 1989ರ ಜೂನಿನಲ್ಲೇ ತೀರಿಕೊಂಡರು. 1998ರ ಸೆಪ್ಟೆಂಬರಿನಲ್ಲಿ ಇರಾನ್ ಸರ್ಕಾರ, ನಾವಾಗಿ ಯಾರನ್ನೂ ಕೊಲ್ಲಲು ಕಳಿಸುವುದಿಲ್ಲ ಅಂತ ಬ್ರಿಟನ್ನಿಗೆ ಭರವಸೆ ಕೊಟ್ಟಿತು. ಫತ್ವಾ ಮಾತ್ರ ಹಾಗೇ ಉಳಿಯಿತು. ರಶ್ದಿಯನ್ನು ಕೊಂದವರಿಗೆ ಅಂತ ಇರಾನಿನ ಒಂದು ಪ್ರತಿಷ್ಠಾನ ಇಟ್ಟ ಬಹುಮಾನದ ಮೊತ್ತ 2012ರ ಹೊತ್ತಿಗೆ 33 ಲಕ್ಷ ಡಾಲರ್ ಮುಟ್ಟಿತ್ತು. 2016ರಲ್ಲಿ ಅಲ್ಲಿನ ಕೆಲವು ಮಾಧ್ಯಮ ಸಂಸ್ಥೆಗಳು ಇನ್ನೂ 6 ಲಕ್ಷ ಸೇರಿಸಿದವು. ಮಾಧ್ಯಮ ಸಂಸ್ಥೆಗಳು, ಅಂದರೆ ಬರೆದು ಬದುಕುವವರು.

ಜೈಪುರದಲ್ಲಿ ಏನಾಯಿತು?

2012ರ ಜನವರಿಯಲ್ಲಿ ಸಾಹಿತ್ಯೋತ್ಸವಕ್ಕೆ ಬರಬೇಕಿತ್ತು. ಕೊಲ್ಲಲು ಮುಂಬೈನಿಂದ ಬಾಡಿಗೆ ಹಂತಕರು ಬರುತ್ತಿದ್ದಾರೆ ಅಂತ ಎಚ್ಚರಿಕೆ ಬಂತು. ರಶ್ದಿ ಬರಲಿಲ್ಲ. ಹರಿ ಕುಂಜ್ರು, ಅಮಿತಾವ ಕುಮಾರ್, ಜೀತ್ ಥಾಯಿಲ್, ರುಚಿರ್ ಜೋಶಿ ವೇದಿಕೆಯಿಂದ ಕಾದಂಬರಿಯ ಸಾಲು ಓದಿದರು. ಬಂಧನದ ಭಯದಿಂದ ಅವರೂ ಊರು ಬಿಡಬೇಕಾಯಿತು. ಕೊನೆಗೆ ರಶ್ದಿಯನ್ನು ವಿಡಿಯೋದಲ್ಲಿ ಮಾತಾಡಲೂ ಬಿಡಲಿಲ್ಲ.

2022ರ ದಾಳಿ ಹೇಗಾಯಿತು? ರಕ್ಷಣೆ ಇರಲಿಲ್ವಾ?

2000ದಿಂದ ಅವರು ನ್ಯೂಯಾರ್ಕಿನಲ್ಲಿದ್ದರು. ರಕ್ಷಣೆ ಬೇಡ ಅಂತ ತಾವಾಗಿಯೇ ಬಿಟ್ಟಿದ್ದರು. ಊಟಕ್ಕೆ, ಆಟಕ್ಕೆ, ಪಾರ್ಟಿಗೆ ಎಲ್ಲ ಹೋಗುತ್ತಿದ್ದರು. ನಾನು ಹೆದರದೆ ಓಡಾಡುವುದನ್ನು ಜನ ನೋಡಿದರೆ ಅವರ ಹೆದರಿಕೆಯೂ ಹೋಗುತ್ತದೆ ಅನ್ನುವುದು ಅವರ ಲೆಕ್ಕ.

ಆಗಸ್ಟ್ 12ರ ಬೆಳಿಗ್ಗೆ ನ್ಯೂಯಾರ್ಕ್ ರಾಜ್ಯದ ಷಟಾಕ್ವಾ ಅನ್ನುವ ಊರಿನ ಬಯಲು ಸಭಾಂಗಣ. ವಿಷಯ ಏನು ಗೊತ್ತಾ? ಬೆದರಿಕೆಯಲ್ಲಿರುವ ಲೇಖಕರಿಗೆ ಆಶ್ರಯ ಕೊಡುವುದರ ಬಗ್ಗೆ. ಪಕ್ಕದಲ್ಲಿದ್ದವರು ಹೆನ್ರಿ ರೀಸ್, ಪಿಟ್ಸ್‌ಬರ್ಗಿನಲ್ಲಿ ಅಂಥ ಲೇಖಕರಿಗೆ ಮನೆ ಕೊಡುವ ಸಂಸ್ಥೆ ಕಟ್ಟಿದವರು. ಮಾತು ಶುರುವಾಗುವ ಮೊದಲೇ ಕಪ್ಪು ಬಟ್ಟೆಯ ಯುವಕನೊಬ್ಬ ಓಡಿ ವೇದಿಕೆ ಹತ್ತಿದ. ರಶ್ದಿ ಎದ್ದು ನಿಂತು ಎಡಗೈ ಅಡ್ಡ ಹಿಡಿದರು. ಮೊದಲ ಇರಿತ ಆ ಕೈಗೆ. 27 ಸೆಕೆಂಡ್, ಸುಮಾರು 15 ಗಾಯ. ಕುತ್ತಿಗೆ, ಎದೆ, ಕಣ್ಣು. ರೀಸ್ ಅವರಿಗೂ ಹಣೆಗೆ ಗಾಯವಾಯಿತು. ಸಭಿಕರು ಓಡಿಬಂದು ಇರಿದವನನ್ನು ಹಿಡಿದುಕೊಂಡರು. ರಶ್ದಿಯನ್ನು ಹೆಲಿಕಾಪ್ಟರಿನಲ್ಲಿ ಪೆನ್ಸಿಲ್ವೇನಿಯಾದ ಈರಿ ನಗರದ ಆಸ್ಪತ್ರೆಗೆ ಒಯ್ದರು.

ಇರಿದವನಿಗೆ ಆಗ 24 ವರ್ಷ. ಫತ್ವಾ ಬಂದಾಗ ಹುಟ್ಟೇ ಇರಲಿಲ್ಲ. ಪುಸ್ತಕದ ಎರಡು ಪುಟ ಓದಿದ್ದೆ ಅಂತ ಜೈಲಿನಿಂದ ಪತ್ರಿಕೆಗೆ ಹೇಳಿದ.

ಅವನಿಗೆ ಶಿಕ್ಷೆ ಆಯಿತಾ?

ಆಯಿತು. 2025ರ ಫೆಬ್ರವರಿಯಲ್ಲಿ ರಶ್ದಿ ನ್ಯಾಯಾಲಯಕ್ಕೆ ಬಂದು ಸಾಕ್ಷಿ ಹೇಳಿದರು. ಅದೇ ತಿಂಗಳು 21ರಂದು ಅಪರಾಧಿ ಅಂತ ತೀರ್ಪು, ಮೇ 16ರಂದು 25 ವರ್ಷ ಜೈಲು. ದಾಳಿಯ ಬಗ್ಗೆ 2024ರಲ್ಲಿ ಬರೆದ ‘ನೈಫ್’ ಪುಸ್ತಕದಲ್ಲಿ ರಶ್ದಿ ಅವನ ಹೆಸರು ಹೇಳುವುದೇ ಇಲ್ಲ. ಹಾಗಾಗಿ ನಾನೂ ಇಲ್ಲಿ ಬರೆದಿಲ್ಲ.

ಹಂಪಿ ಬಗ್ಗೆ ಅವರು ಬರೆದಿದ್ದಾರಂತೆ, ಹೌದಾ?

ಹೌದು, ನಮ್ಮವರು ಈ ವಿಷಯ ಅಷ್ಟಾಗಿ ಮಾತಾಡುವುದಿಲ್ಲ. ದಾಳಿಗೆ ಮೊದಲೇ ಬರೆದು ಮುಗಿಸಿದ್ದ ಕಾದಂಬರಿ ‘ವಿಕ್ಟರಿ ಸಿಟಿ’. 2023ರ ಫೆಬ್ರವರಿಯಲ್ಲಿ ಬಂತು. ಪೂರ್ತಿ ವಿಜಯನಗರದ ಕಥೆ. ಕಂಪಿಲಿಯ ಹೆಂಗಸರು ಬೆಂಕಿಗೆ ಬೀಳುವುದನ್ನು ಕಂಡ ಒಂಬತ್ತು ವರ್ಷದ ಹುಡುಗಿ ಪಂಪಾ ಕಂಪನ. ತಾಯಿಯೂ ಅವರಲ್ಲೊಬ್ಬಳು. ದೇವಿ ಪಂಪೆ ಆ ಹುಡುಗಿಯ ಮೈಮೇಲೆ ಬರುತ್ತಾಳೆ. ದೊಡ್ಡವಳಾದ ಪಂಪಾ, ಹುಕ್ಕ ಬುಕ್ಕ ಅನ್ನುವ ದನಗಾಹಿ ಅಣ್ಣತಮ್ಮಂದಿರಿಗೆ ಬೀಜ ಕೊಡುತ್ತಾಳೆ. ಬಿತ್ತಿದ ಬೀಜದಿಂದ ನಗರ ಮೇಲೇಳುತ್ತದೆ. ಜನಕ್ಕೆ ನೆನಪುಗಳನ್ನೂ ಅವಳೇ ಕಿವಿಯಲ್ಲಿ ಉಸುರುತ್ತಾಳೆ. 247 ವರ್ಷ ಬದುಕಿ, ನಗರ ಹುಟ್ಟಿದ್ದನ್ನೂ ಹಾಳಾದದ್ದನ್ನೂ ಕಂಡು, ಎಲ್ಲವನ್ನೂ ಪದ್ಯದಲ್ಲಿ ಬರೆದು ಮಡಕೆಯಲ್ಲಿ ಹೂತಿಡುತ್ತಾಳೆ.

ವಿರೂಪಾಕ್ಷ ಗುಡಿಯ ಪಕ್ಕ ಪಂಪಾಂಬಿಕೆಗೆ ಕೈಮುಗಿದು ಬಂದ ನಮಗೆ ಇದು ಹತ್ತಿರದ ಕಥೆ. ಇತಿಹಾಸ ಇದ್ದ ಹಾಗೇ ಬೇಕು ಅನ್ನುವವರಿಗೆ ಹಿಡಿಸದೇ ಇರಬಹುದು, ತುಂಬ ಕಡೆ ಅವರು ಮನಸ್ಸಿಗೆ ಬಂದ ಹಾಗೆ ಆಡಿದ್ದಾರೆ. ಆದರೆ ಒಂದು ಸಂಗತಿ ಓದಿ ಮೈ ಜುಮ್ಮೆನ್ನುತ್ತದೆ. ರಾಜನ ಸಿಟ್ಟಿಗೆ ಪಂಪಾ ಕಂಪನಳ ಕಣ್ಣು ಕೀಳಿಸುತ್ತಾರೆ. ಕುರುಡಾದ ಮೇಲೂ ಅವಳು ಬರೆಯುವುದು ಬಿಡುವುದಿಲ್ಲ. ಇದನ್ನು ಬರೆದಾಗ ರಶ್ದಿಗೆ ಎರಡೂ ಕಣ್ಣಿದ್ದವು.

ಕನ್ನಡದ ಕಾದಂಬರಿಕಾರರಿಗೆ ಹೀಗಾಗಿದೆಯಾ?

ಇಷ್ಟು ದೊಡ್ಡ ಮಟ್ಟದಲ್ಲಿ ಇಲ್ಲ, ಆದರೆ ಆಗಿಲ್ಲ ಅಂತಲೂ ಹೇಳುವಂತಿಲ್ಲ. ‘ಢುಂಢಿ’ ಕಾದಂಬರಿಗಾಗಿ ಯೋಗೇಶ್ ಮಾಸ್ಟರ್ ಅವರನ್ನು 2013ರಲ್ಲಿ ಬಂಧಿಸಿದರು. 2017ರಲ್ಲಿ ದಾವಣಗೆರೆಯಲ್ಲಿ ಮುಖಕ್ಕೆ ಕಪ್ಪು ಎಣ್ಣೆ ಬಳಿದರು. ಪಕ್ಕದ ತಮಿಳುನಾಡಿನಲ್ಲಿ ಪೆರುಮಾಳ್ ಮುರುಗನ್ 2015ರಲ್ಲಿ ತಮ್ಮೊಳಗಿನ ಲೇಖಕ ಸತ್ತ ಅಂತ ಘೋಷಿಸಿದರು. 2016ರ ಜುಲೈಯಲ್ಲಿ ಮದ್ರಾಸ್ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟ ಮೇಲೆ ಮತ್ತೆ ಬರೆದರು. ಧರ್ಮ ಬೇರೆ, ಭಾಷೆ ಬೇರೆ. ಬೆದರಿಸುವ ರೀತಿ ಮಾತ್ರ ಎಲ್ಲ ಕಡೆ ಒಂದೇ.

ಈಗ ಭಾರತದಲ್ಲಿ ‘ಸೆಟಾನಿಕ್ ವರ್ಸಸ್’ ಸಿಗುತ್ತದಾ? ಇಟ್ಟುಕೊಂಡರೆ ತೊಂದರೆ ಇದೆಯಾ?

ಆಮದು ನಿಷೇಧದ ಆದೇಶವನ್ನು ಪ್ರಶ್ನಿಸಿ ಓದುಗರೊಬ್ಬರು ದೆಹಲಿ ಹೈಕೋರ್ಟಿಗೆ ಹೋದರು. 1988ರ ಆ ಅಧಿಸೂಚನೆಯ ಪ್ರತಿಯನ್ನು ಯಾವ ಇಲಾಖೆಯೂ ಹುಡುಕಿ ಕೊಡಲಾಗಲಿಲ್ಲ. ಹಾಗಾದರೆ ಅಂಥ ಅಧಿಸೂಚನೆ ಇಲ್ಲ ಅಂತಲೇ ಭಾವಿಸಬೇಕಾಗುತ್ತದೆ ಅಂತ 2024ರ ನವೆಂಬರಿನಲ್ಲಿ ನ್ಯಾಯಾಲಯ ಹೇಳಿತು. ಡಿಸೆಂಬರಿನಲ್ಲಿ ದೆಹಲಿಯ ಪುಸ್ತಕದಂಗಡಿಯಲ್ಲಿ ಅದು ಮಾರಾಟಕ್ಕೆ ಬಂತು. 36 ವರ್ಷ ಒಂದು ದೇಶದ ಓದುಗರನ್ನು ತಡೆದ ಕಾಗದ ಕೊನೆಗೆ ಕಡತದಲ್ಲೇ ಇರಲಿಲ್ಲ.

ರಶ್ದಿಯನ್ನು ಓದಬೇಕು, ಎಲ್ಲಿಂದ ಶುರು ಮಾಡಲಿ?

‘ಸೆಟಾನಿಕ್ ವರ್ಸಸ್’ನಿಂದ ಬೇಡ. ಅದು ಕಷ್ಟದ ಪುಸ್ತಕ. ಇಂಗ್ಲಿಷ್ ಕಾದಂಬರಿ ಓದಿ ಅಭ್ಯಾಸ ಕಡಿಮೆ ಇದ್ದರೆ ‘ಹರೂನ್’ ತಗೊಳ್ಳಿ, ಮಕ್ಕಳ ಜೊತೆ ಕೂತು ಓದಬಹುದು. ಆಮೇಲೆ ‘ಮಿಡ್‌ನೈಟ್ಸ್ ಚಿಲ್ಡ್ರನ್’. ಬೆದರಿಕೆಯ ವರ್ಷಗಳ ಬಗ್ಗೆ ತಿಳಿಯಬೇಕು ಅಂದರೆ ‘ಜೋಸೆಫ್ ಆಂಟನ್’ ದಪ್ಪ ಇದೆ, ಆದರೆ ಓದಿಸಿಕೊಂಡು ಹೋಗುತ್ತದೆ. ಹೊಸಪೇಟೆ, ಬಳ್ಳಾರಿ ಕಡೆಯವರಾದರೆ ‘ವಿಕ್ಟರಿ ಸಿಟಿ’ಯಿಂದಲೇ ಶುರು ಮಾಡಿ. 2025ರ ನವೆಂಬರಿನಲ್ಲಿ ಅವರ ಹೊಸ ಕಥಾಸಂಕಲನವೂ ಬಂದಿದೆ, ಹೆಸರು ‘ದಿ ಇಲೆವೆಂತ್ ಅವರ್’. ಐದು ಕಥೆಗಳಿವೆ. ಅವುಗಳಲ್ಲಿ ಹೆಚ್ಚಿನವು ಈ ವಯಸ್ಸಿನಲ್ಲಿ, ಒಂದೇ ಕಣ್ಣಲ್ಲಿ ಬರೆದವು.